ನೈಸ್ ಅಂದರೆ ದಡ್ಡ ಅಂತ ಅರ್ಥವಾ?

ಓದುಗರೊಬ್ಬರ ಪ್ರಶ್ನೆ: ಇಂಗ್ಲಿಷಿನ ‘ನೈಸ್’ ಪದದ ನಿಜವಾದ ಅರ್ಥ ‘ದಡ್ಡ’ ಅಂತ ಎಲ್ಲೋ ಓದಿದೆ, ನಂಬಲಾಗಲಿಲ್ಲ. ಅದು ಸಂಸ್ಕೃತದ ‘ನಯ’ದಿಂದ ಹೋದ ಪದ ಅಂತ ನನ್ನ ಸ್ನೇಹಿತ ವಾದ ಮಾಡುತ್ತಾನೆ. ಮಗಳ ಇಂಗ್ಲಿಷ್ ಟೀಚರ್ ಪ್ರಬಂಧದಲ್ಲಿ ನೈಸ್ ಕಂಡರೆ ಕೆಂಪು ಗೆರೆ ಎಳೆಯುತ್ತಾರೆ. ಇನ್ನು ನಮ್ಮಮ್ಮ, ಇಂಗ್ಲಿಷಿನ ಒಂದಕ್ಷರ ಓದದವರು, ದಿನಾ ‘ಹಿಟ್ಟು ನೈಸಾಗಿ ರುಬ್ಬು’ ಅನ್ನುತ್ತಾರೆ. ಇವೆಲ್ಲ ಒಂದೇ ಪದವಾ?

ಉತ್ತರ: ಹೌದು, ದಡ್ಡ ಅಂತಲೇ ಇತ್ತು. ನೀವು ಓದಿದ್ದು ಸುಳ್ಳಲ್ಲ. ಆದರೆ ‘ನಿಜವಾದ ಅರ್ಥ’ ಅಂದಿರಲ್ಲ, ನನ್ನ ತಕರಾರು ಇರೋದು ಅಲ್ಲಿ. ಏಳುನೂರು ವರ್ಷದ ಹಿಂದೆ ಇದ್ದ ಅರ್ಥವೇ ನಿಜ, ಈಗ ಇರೋದು ಸುಳ್ಳು ಅನ್ನೋದಾದರೆ ನಾವು ಬಾಯಿ ತೆರೆಯೋ ಹಾಗೇ ಇಲ್ಲ. ಅದನ್ನು ಆಮೇಲೆ ನೋಡೋಣ. ಮೊದಲು ಈ ಪದ ಬಂದ ದಾರಿ ಹೇಳುತ್ತೇನೆ, ಸ್ವಲ್ಪ ಉದ್ದದ ಕಥೆ.

ಲ್ಯಾಟಿನ್ ಭಾಷೆಯಲ್ಲಿ ‘ನೆಸ್ಕಿಯುಸ್’ ಅಂತ ಒಂದು ಪದ. ಬಿಡಿಸಿದರೆ ಎರಡು ತುಂಡು. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯೋದು. ಒಟ್ಟಿಗೆ, ತಿಳಿಯದವನು. ನಮ್ಮ ‘ಅಜ್ಞ’ ಪದವನ್ನು ಬಿಡಿಸಿ ನೋಡಿ, ಕಟ್ಟಿರೋ ರೀತಿ ಅದೇ: ‘ಅ’ ಅಂದರೆ ಇಲ್ಲ, ‘ಜ್ಞ’ ಅಂದರೆ ತಿಳಿದವನು. ತಮಾಷೆ ಏನಪ್ಪಾ ಅಂದರೆ, ಇದೇ ಸ್ಕೀರೆಯಿಂದ ಇಂಗ್ಲಿಷಿಗೆ ‘ಸೈನ್ಸ್’ ಬಂತು. ‘ಕಾನ್ಷಸ್’ ಬಂತು, ‘ಕಾನ್ಷಿಯನ್ಸ್’ ಬಂತು. ಅಂದರೆ ಸೈನ್ಸ್ ಮತ್ತು ನೈಸ್ ಒಂದೇ ಮನೆಯ ಮಕ್ಕಳು, ಒಬ್ಬ ಓದಿದವನು, ಇನ್ನೊಬ್ಬ ಓದದವನು. ನಮ್ಮಲ್ಲಿ ವಿಜ್ಞಾನ ಮತ್ತು ಅಜ್ಞಾನ ಒಂದೇ ಬೇರಿನಿಂದ ಬಂದ ಹಾಗೆ.

ಈ ನೆಸ್ಕಿಯುಸ್ ಜನರ ಬಾಯಲ್ಲಿ ಸವೆದು ಸವೆದು ಹಳೆಯ ಫ್ರೆಂಚಿನಲ್ಲಿ ‘ನೀಸ’ ಅನ್ನೋ ಥರ ಆಯಿತು. ಅಲ್ಲಿ ಅದಕ್ಕೆ ಪೆದ್ದ, ಕೈಲಾಗದವನು, ಬಡಪಾಯಿ ಅಂತೆಲ್ಲ ಅರ್ಥ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಎರಡು ಮೂರು ಶತಮಾನ ಫ್ರೆಂಚ್ ಪದಗಳು ಮೂಟೆಗಟ್ಟಲೆ ಇಂಗ್ಲಿಷಿಗೆ ಇಳಿದವು. 1300ರ ಆಸುಪಾಸಿಗೆ ನೈಸ್ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತದೆ. ಅರ್ಥ: ದಡ್ಡ, ಪೆದ್ದ. ಆ ಕಾಲದಲ್ಲಿ ಯಾರಿಗಾದರೂ ‘ನೀನು ನೈಸ್’ ಅಂದಿದ್ದರೆ ಜಗಳಕ್ಕೇ ಬರುತ್ತಿದ್ದರು.

ಉಚ್ಚಾರವೂ ಆಗ ‘ನೈಸ್’ ಇರಲಿಲ್ಲ. ‘ಟೈಮ್’ ಆಗ ‘ಟೀಮ’ ಇತ್ತು, ಇಲಿಗಳಿಗೆ ಹೇಳೋ ‘ಮೈಸ್’ ಆಗ ‘ಮೀಸ್’. ಹಾಗೇ ಇದೂ ‘ನೀಸ’. ಸುಮಾರು 1400ರಿಂದ 1700ರ ಒಳಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದವು. ‘ಈ’ ಇದ್ದದ್ದು ‘ಐ’ ಆಯಿತು, ಕಾಗುಣಿತ ಮಾತ್ರ ಹಳೆಯದೇ ಉಳಿಯಿತು. ಇಂಗ್ಲಿಷ್ ಸ್ಪೆಲಿಂಗ್ ಕಂಡು ನಮ್ಮ ಮಕ್ಕಳು ಅಳೋದಕ್ಕೆ ಒಂದು ದೊಡ್ಡ ಕಾರಣ ಇದೇ.

ಇಂಗ್ಲಿಷ್ ಕವಿ ಚಾಸರ್ 1380ರ ದಶಕದಲ್ಲಿ ‘ಟ್ರಾಯ್ಲಸ್ ಅಂಡ್ ಕ್ರಿಸೈಡ್’ ಅನ್ನೋ ದೊಡ್ಡ ಕಾವ್ಯ ಬರೆದ. ಅದರಲ್ಲಿ ಒಂದು ಕಡೆ ಕಥೆ ನಿಲ್ಲಿಸಿ ಭಾಷೆಯ ಬಗ್ಗೆ ಎರಡು ಮಾತು ಹೇಳುತ್ತಾನೆ. ಸಾವಿರ ವರ್ಷದಲ್ಲಿ ಮಾತಿನ ರೀತಿ ಬದಲಾಗುತ್ತದೆ, ಆಗ ಬೆಲೆ ಇದ್ದ ಪದಗಳು ಈಗ ನಮಗೆ ಪೆದ್ದುಪೆದ್ದಾಗಿ, ವಿಚಿತ್ರವಾಗಿ ಕೇಳಿಸುತ್ತವೆ ಅಂತ. ಆ ‘ಪೆದ್ದುಪೆದ್ದು’ ಇರೋ ಜಾಗದಲ್ಲಿ ಅವನು ಬಳಸಿದ ಪದ ಯಾವುದು ಗೊತ್ತಾ? ಇದೇ ನೈಸ್. ಪದಗಳು ಬದಲಾಗುತ್ತವೆ ಅಂತ ಹೇಳಲು ಹೋಗಿ, ಮುಂದೆ ತಲೆಕೆಳಗಾಗಲಿದ್ದ ಪದವನ್ನೇ ಆರಿಸಿಕೊಂಡಿದ್ದಾನೆ. ಇವತ್ತು ಆ ಸಾಲನ್ನು ಟಿಪ್ಪಣಿ ಇಲ್ಲದೆ ಓದಿದವರು, ಹಳೆಯ ಪದಗಳು ‘ಚೆನ್ನಾಗಿವೆ’ ಅಂತ ಕವಿ ಹೊಗಳುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಇದೇ ನೆಸ್ಕಿಯುಸ್ ಸ್ಪೇನ್ ದೇಶದಲ್ಲೂ ಉಳಿದುಕೊಂಡಿದೆ. ಅಲ್ಲಿ ಅದು ‘ನೆಸಿಯೊ’. ಇವತ್ತಿಗೂ ಅದು ಬೈಗುಳವೇ. ದಡ್ಡ, ಹೇಳಿದ್ದು ಕೇಳದ ಮೊಂಡ ಅಂತ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಬಡ್ತಿ ಸಿಕ್ಕಿತು.

ನಿಮ್ಮ ಸ್ನೇಹಿತನ ವಾದಕ್ಕೆ ಇಲ್ಲೇ ಉತ್ತರ ಇದೆ ನೋಡಿ. ನೈಸ್ ನಮ್ಮ ‘ನಯ’ದಿಂದ ಹೋಗಿದ್ದರೆ ಇಂಗ್ಲಿಷಿನಲ್ಲಿ ಅದಕ್ಕೆ ಮೊದಲು ಸಿಗಬೇಕಾಗಿದ್ದ ಅರ್ಥ ವಿನಯ, ಮೃದು, ಒಳ್ಳೆಯ ನಡತೆ. ಸಿಕ್ಕಿದ್ದು ದಡ್ಡ. ಒಳ್ಳೆಯ ಅರ್ಥ ಬರಲು ಆಮೇಲೆ ನಾನೂರೈವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಅಂತ ಪ್ರತಿ ಹೆಜ್ಜೆಗೂ ಬರಹದ ಸಾಕ್ಷಿ ಇದೆ, ‘ನಯ’ ಹೋದ ದಾರಿಯಲ್ಲಿ ಒಂದು ಹೆಜ್ಜೆಗೂ ಇಲ್ಲ. ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟರಾಗೋದಿಲ್ಲ. ಹಾಗಂತ ಅವರನ್ನು ಪೂರ್ತಿ ಬಿಟ್ಟುಕೊಡಬೇಡಿ, ಕೊನೆಯಲ್ಲಿ ಅವರಿಗೆ ಅರ್ಧ ಮಾರ್ಕು ಕೊಡಿಸುತ್ತೇನೆ.

ಈಗ ಮುಖ್ಯ ವಿಷಯ. ದಡ್ಡ ಅನ್ನೋದು ಒಳ್ಳೆಯವನು ಅಂತ ಹೇಗಾಯಿತು? ಇದು ಅಸಾಧ್ಯ ಅನಿಸುತ್ತದೆ. ಆದರೆ ನಮ್ಮ ಬಾಯಲ್ಲೇ ಇಂಥ ಪದ ಇದೆ. ‘ಮುಗ್ಧ’. ಮಗುವಿನ ಮುಗ್ಧ ನಗು ಅನ್ನುತ್ತೇವೆ, ಎಷ್ಟು ಚಂದದ ಮಾತು. ಅದರ ಧಾತು ‘ಮುಹ್’, ಅಂದರೆ ಮಂಕು ಕವಿಯೋದು, ದಾರಿ ತಪ್ಪೋದು. ಮೋಹ ಬಂದಿದ್ದು ಅದರಿಂದಲೇ. ಮುಗ್ಧ ಅಂದರೆ ಮೂಲದಲ್ಲಿ ಮಂಕು ಕವಿದವನು. ಇನ್ನೂ ಒಂದು ಸ್ವಾರಸ್ಯ ಇದೆ. ಅದೇ ಧಾತುವಿನಿಂದ ಅದೇ ರೀತಿ ಹುಟ್ಟಿದ ಇನ್ನೊಂದು ಪದ ‘ಮೂಢ’. ವ್ಯಾಕರಣದ ಲೆಕ್ಕದಲ್ಲಿ ಎರಡೂ ಅವಳಿಜವಳಿ. ಒಂದು ಬೈಗುಳವಾಗಿಯೇ ಉಳಿಯಿತು, ಇನ್ನೊಂದು ಮೆಚ್ಚುಗೆಯ ಕಡೆ ಜಾರಿತು. ಏನೂ ತಿಳಿಯದವನು ದಡ್ಡ. ಏನೂ ತಿಳಿಯದವನು ಕಪಟವೂ ತಿಳಿಯದವನು, ಆದ್ದರಿಂದ ಒಳ್ಳೆಯವನು. ನಡುವೆ ಇರೋದು ಒಂದೇ ಹೆಜ್ಜೆ, ಅದನ್ನು ದಾಟಿಸೋದು ಹೇಳುವವರ ದನಿ.

ಇಂಗ್ಲಿಷಿನ ನೈಸ್ ಸುಮಾರು ಇದೇ ದಾರಿ ಹಿಡಿಯಿತು, ಆದರೆ ಇನ್ನೂ ಸುತ್ತು ಬಳಸಿ. ತಿಳಿಯದವನು ಹಿಂಜರಿಯುತ್ತಾನೆ, ಹಾಗಾಗಿ ನಾಚಿಕೆಯವನು, ಅಂಜುಬುರುಕ ಅನ್ನೋ ಅರ್ಥ ಬಂತು. ಹಿಂಜರಿಯುವವನು ಎಲ್ಲದಕ್ಕೂ ‘ಇದು ಬೇಡ, ಅದು ಬೇಡ’ ಅನ್ನುತ್ತಾನೆ. ಹದಿನಾಲ್ಕನೇ ಶತಮಾನ ಮುಗಿಯೋ ಹೊತ್ತಿಗೆ ನೈಸ್ ಅಂದರೆ ನಾಜೂಕಿನವನು, ಊಟ ಬಟ್ಟೆ ಎಲ್ಲದರಲ್ಲೂ ಕೊಸರಾಡುವವನು. 1400ರ ಹೊತ್ತಿಗೆ ನಾಜೂಕಾದ ವಸ್ತುವಿಗೂ ಅದೇ ಪದ. 1500ರ ನಂತರ ಸೂಕ್ಷ್ಮ, ಕರಾರುವಾಕ್ಕು. ಕೊಸರಾಡುವವನು ತಾನೇ ಕೂದಲು ಸೀಳುವವನು!

ಇದನ್ನು ಹೀಗೆ ಸಾಲಾಗಿ ಬರೆದರೆ ಮೆಟ್ಟಿಲ ಥರ ಕಾಣುತ್ತದೆ. ನಿಜಕ್ಕೂ ಆಗ ಇದ್ದದ್ದು ಸಂತೆ. ಒಂದೇ ಕಾಲದಲ್ಲಿ ಒಂದೇ ಪದಕ್ಕೆ ಹತ್ತು ಅರ್ಥ. ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಪಾದ್ರಿಯೊಬ್ಬ, ಕಳಿಸಿದ ಪತ್ರ ಮುಟ್ಟಲಿಲ್ಲ ಅಂತ ತಿಳಿದು ಹೌಹಾರಿ, ಆ ಪತ್ರ ‘ನೈಸ್’ ಆಗಿರಲಿಲ್ಲ ಅನ್ನುತ್ತಾನೆ. ಅಂದರೆ ಅದು ಕ್ಷುಲ್ಲಕ ಪತ್ರ ಅಲ್ಲ, ಜೀವನ್ಮರಣದ ಪ್ರಶ್ನೆ ಅಂತ. ಅದೇ ಶೇಕ್ಸ್‌ಪಿಯರ್ ಬೇರೊಂದು ನಾಟಕದಲ್ಲಿ ಹುಡುಗಿಯರಿಗೆ ನೈಸ್ ಅಂದಾಗ ಅದರ ಅರ್ಥ ಚೆಲ್ಲು ಸ್ವಭಾವದವರು. ಹದಿನಾರು ಹದಿನೇಳನೇ ಶತಮಾನದ ಎಷ್ಟೋ ಕಡೆ ಬರೆದವರ ಮನಸ್ಸಲ್ಲಿ ಯಾವ ಅರ್ಥ ಇತ್ತು ಅಂತ ಹೇಳೋದೇ ಕಷ್ಟ ಅಂತ ಆಕ್ಸ್‌ಫರ್ಡ್ ನಿಘಂಟಿನವರೇ ಬರೆದಿದ್ದಾರೆ. ಅವರ ಪ್ರಾಮಾಣಿಕತೆ ನನಗೆ ಇಷ್ಟ.

ಆ ‘ಸೂಕ್ಷ್ಮ’ ಅನ್ನೋ ಅರ್ಥ ಇನ್ನೂ ಸತ್ತಿಲ್ಲ. ಕೋರ್ಟಿನ ತೀರ್ಪು ಓದುವ ಅಭ್ಯಾಸ ಇದ್ದರೆ ‘ನೈಸ್ ಕ್ವೆಶ್ಚನ್ ಆಫ್ ಲಾ’ ಅನ್ನೋ ಮಾತು ಕಣ್ಣಿಗೆ ಬಿದ್ದಿರುತ್ತದೆ. ನ್ಯಾಯಾಧೀಶರು ವಕೀಲರ ಬೆನ್ನು ತಟ್ಟುತ್ತಿಲ್ಲ. ಇದು ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸದ ಪ್ರಶ್ನೆ, ಸುಲಭಕ್ಕೆ ಬಗೆಹರಿಯೋದಲ್ಲ ಅನ್ನುತ್ತಿದ್ದಾರೆ. ‘ನೈಸ್ ಡಿಸ್ಟಿಂಕ್ಷನ್’ ಕೂಡ ಹೀಗೇ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 1815ರ ವಾಟರ್ಲೂ ಯುದ್ಧ ಮುಗಿದ ಮಾರನೆಯ ದಿನ ಗೆದ್ದ ಸೇನಾಪತಿ ವೆಲ್ಲಿಂಗ್ಟನ್ ಬ್ರಸೆಲ್ಸ್‌ನಲ್ಲಿ ಕ್ರೀವಿ ಅನ್ನೋ ರಾಜಕಾರಣಿಯ ಜೊತೆ ಮಾತಾಡಿದ್ದು ದಾಖಲಾಗಿದೆ. ವೆಲ್ಲಿಂಗ್ಟನ್ ಅಂದರೆ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಅದೇ ಆರ್ಥರ್ ವೆಲ್ಲೆಸ್ಲಿ. ಅವನು ಆ ಯುದ್ಧವನ್ನು ‘ಡ್ಯಾಮ್ಡ್ ನೈಸ್ ಥಿಂಗ್’ ಅಂದ. ಸಾವಿರಾರು ಹೆಣ ಬಿದ್ದ ಮಾರನೆಯ ದಿನ ಯಾರಾದರೂ ‘ಚೆನ್ನಾಗಿತ್ತು’ ಅನ್ನುತ್ತಾರಾ? ಅವನು ಹೇಳಿದ್ದು, ಸ್ವಲ್ಪದರಲ್ಲಿ ಪಾರಾದೆವು, ಕೂದಲೆಳೆಯ ಅಂತರ ಅಂತ. ಮುಂದಿನ ಮಾತಿನಲ್ಲೇ ಅದನ್ನು ಬಿಡಿಸಿಯೂ ಹೇಳಿದ, ನೀವು ಜೀವನದಲ್ಲಿ ಇಷ್ಟು ಸಮೀಪದ ಗೆಲುವು ನೋಡಿರಲಿಕ್ಕಿಲ್ಲ ಅನ್ನೋ ಅರ್ಥದಲ್ಲಿ.

ಆದರೆ ಅಷ್ಟು ಹೊತ್ತಿಗೆ ಹೊಸ ಅರ್ಥ ಮನೆಯೊಳಗೆ ಬಂದು ಕೂತಾಗಿತ್ತು. ‘ಹಿತವಾದ, ಖುಷಿ ಕೊಡುವ’ ಅನ್ನೋ ಅರ್ಥಕ್ಕೆ ನಿಘಂಟುಗಳು ಕೊಡೋ ಇಸವಿ 1769. ಮನುಷ್ಯರ ಬಗ್ಗೆ ‘ದಯೆ ಇರುವ, ಒಳ್ಳೆಯ ಮನಸ್ಸಿನ’ ಅನ್ನೋದು ಇನ್ನೂ ತಡ, 1830. ಇಂದು ಎಲ್ಲರೂ ಬಳಸುವ ಅರ್ಥಕ್ಕೆ ವಯಸ್ಸು ಇನ್ನೂರು ಚಿಲ್ಲರೆ ವರ್ಷ ಅಷ್ಟೇ. ನಾಜೂಕು, ಅಚ್ಚುಕಟ್ಟು, ಸುಸಂಸ್ಕೃತ ಅಭಿರುಚಿ ಇವೆಲ್ಲ ಮೆಚ್ಚುವ ಗುಣಗಳಾದ ಮೇಲೆ, ಆ ಗುಣ ಇರೋದೆಲ್ಲ ನೈಸ್, ಮೆಚ್ಚಿದ್ದೆಲ್ಲ ನೈಸ್.

ಇಲ್ಲಿಗೆ ನಿಮ್ಮ ಮಗಳ ಟೀಚರ್ ವಿಷಯ ಬರುತ್ತದೆ. ಅವರ ಕೆಂಪು ಗೆರೆಗೆ ಇನ್ನೂರು ವರ್ಷದ ಇತಿಹಾಸ ಇದೆ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತೀರಿಕೊಂಡ ವರ್ಷ, 1817ರ ಕೊನೆಗೆ, ಆಕೆಯ ‘ನಾರ್ಥಾಂಗರ್ ಅಬ್ಬೆ’ ಕಾದಂಬರಿ ಹೊರಬಂತು. ಅದರಲ್ಲಿ ಕ್ಯಾಥರೀನ್ ಅನ್ನೋ ಹುಡುಗಿ ಬಾತ್ ಊರಿನ ಹೊರಗೆ ಗುಡ್ಡದ ಕಡೆ ನಡೆಯುವಾಗ ಒಂದು ಪುಸ್ತಕವನ್ನು ಪ್ರಪಂಚದಲ್ಲೇ ‘ನೈಸೆಸ್ಟ್’ ಅಂತ ಹೊಗಳುತ್ತಾಳೆ. ಜೊತೆಗಿದ್ದ ಹೆನ್ರಿ ಕಾಲೆಳೆಯುತ್ತಾನೆ: ನೈಸ್ ಅಂದರೆ ಅಚ್ಚುಕಟ್ಟು ತಾನೇ, ಹಾಗಾದರೆ ಅದು ಬೈಂಡಿಂಗ್ ಮೇಲೆ ನಿಂತಿದೆ! ಆಮೇಲೆ, ಈ ದಿನ ನೈಸ್, ಈ ವಾಕಿಂಗ್ ನೈಸ್, ನೀವಿಬ್ಬರೂ ನೈಸ್, ಎಲ್ಲದಕ್ಕೂ ಒದಗುತ್ತದೆ ಬಿಡಿ ಅಂತ ಇನ್ನಷ್ಟು ಕೆಣಕುತ್ತಾನೆ. ನನಗೆ ಆ ಜಾಗದಲ್ಲಿ ಜಾಸ್ತಿ ಇಷ್ಟವಾಗೋದು ಹೆನ್ರಿ ಅಲ್ಲ, ಅವನ ತಂಗಿ. ನೀನು ವಿವೇಕಿಗಿಂತ ಹೆಚ್ಚಾಗಿ ‘ನೈಸ್’ ಅಂತ ಒಂದೇ ಏಟಿಗೆ ಅವನ ಬಾಯಿ ಮುಚ್ಚಿಸುತ್ತಾಳೆ. ಅಲ್ಲಿ ನೈಸ್ ಅಂದರೆ ಹಳೆಯ ಅರ್ಥ, ಕೊಸರಾಡುವವನು. ಒಂದೇ ಪುಟದಲ್ಲಿ ಒಂದೇ ಪದ ಹೊಗಳಿಕೆಯೂ ಹೌದು, ತಿವಿತವೂ ಹೌದು.

ನೂರು ವರ್ಷ ಕಳೆದ ಮೇಲೂ ಗೊಣಗಾಟ ನಿಲ್ಲಲಿಲ್ಲ. 1926ರಲ್ಲಿ ಬಂದ ತನ್ನ ಪ್ರಸಿದ್ಧ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ ಫೌಲರ್, ಹೆಂಗಸರು ಅತಿಯಾಗಿ ಮುದ್ದಿಸಿ ಈ ಪದದ ಸತ್ವವನ್ನೇ ತೆಗೆದುಬಿಟ್ಟರು ಅಂತ ಬರೆದ. ಗಂಡಸರು ಬಳಸಲೇ ಇಲ್ಲವೇನೋ ಪಾಪ!

ನನ್ನ ಅಭಿಪ್ರಾಯ ಕೇಳಿದರೆ, ಟೀಚರ್ ಹೇಳೋದು ಪ್ರಬಂಧದ ಮಟ್ಟಿಗೆ ಸರಿ. ನೈಸ್ ತಪ್ಪು ಪದ ಅಂತಲ್ಲ. ಅದು ಏನನ್ನೂ ತೋರಿಸೋದಿಲ್ಲ. ‘ಅಜ್ಜಿ ಮನೆ ನೈಸ್ ಆಗಿತ್ತು, ಊಟ ನೈಸ್, ಅಜ್ಜಿ ನೈಸ್’ ಅಂತ ಬರೆದರೆ ನಮಗೆ ಮನೆಯೂ ಕಾಣಲಿಲ್ಲ, ಊಟದ ವಾಸನೆಯೂ ಬರಲಿಲ್ಲ. ಮನೆಯ ನೆಲ ತಣ್ಣಗಿತ್ತು, ಸಾರಿಗೆ ಮೆಣಸು ಜಾಸ್ತಿ ಬಿದ್ದಿತ್ತು ಅಂತ ಬರೆಯಲಿ, ಆಗ ನೈಸ್ ಬೇಕಾಗೋದೇ ಇಲ್ಲ. ಆದರೆ ಮಾತಿನಲ್ಲಿ ಅದನ್ನು ಬಿಡಬೇಕಾಗಿಲ್ಲ. ಮಾತಿನಲ್ಲಿ ಅದರ ಕೆಲಸವೇ ಬೇರೆ. ಯಾರೋ ಹೊಸ ಸೀರೆ ತೋರಿಸಿದರೆ ‘ಚೆನ್ನಾಗಿದೆ’ ಅನ್ನುತ್ತೀರಲ್ಲ, ಅಲ್ಲಿ ವಿಮರ್ಶೆ ಯಾರಿಗೆ ಬೇಕು?

ಬಳಕೆಯಲ್ಲಿ ನಮ್ಮವರು ಎಡವೋ ಕೆಲವು ಜಾಗ ಹೇಳಿಬಿಡುತ್ತೇನೆ. ‘ನೈಸ್ ಟು ಮೀಟ್ ಯೂ’ ಮೊದಲ ಸಲ ಭೇಟಿಯಾದಾಗ ಮಾತ್ರ. ಎರಡನೇ ಸಲಕ್ಕೆ ‘ನೈಸ್ ಟು ಸೀ ಯೂ’. ಭೇಟಿ ಮುಗಿಸಿ ಹೊರಡುವಾಗ ‘ನೈಸ್ ಮೀಟಿಂಗ್ ಯೂ’. ಆರು ತಿಂಗಳು ಜೊತೆಗೆ ಕೆಲಸ ಮಾಡಿದವರಿಗೆ ದಿನಾ ಬೆಳಗ್ಗೆ ನೈಸ್ ಟು ಮೀಟ್ ಯೂ ಅಂದರೆ, ಇವನಿಗೆ ನನ್ನ ಗುರುತೇ ಇಲ್ಲವಾ ಅಂದುಕೊಳ್ಳುತ್ತಾರೆ. ಇನ್ನೊಂದು, ಹಲವು ವಿಶೇಷಣ ಒಟ್ಟಿಗೆ ಬಂದರೆ ನೈಸ್ ಮುಂದೆ ನಿಲ್ಲುತ್ತದೆ. ‘ನೈಸ್ ಲಿಟಲ್ ಹೌಸ್’ ಅನ್ನಬೇಕು, ‘ಲಿಟಲ್ ನೈಸ್ ಹೌಸ್’ ಅಂದರೆ ಕಿವಿಗೆ ಕಲ್ಲು ಸಿಕ್ಕ ಹಾಗೆ. ‘ನೈಸ್ ಟ್ರೈ’ ಅಂದರೆ ಹೊಗಳಿದರು ಅಂತ ಹಿಗ್ಗಬೇಡಿ, ನಿಮ್ಮ ಆಟ ನಡೆಯಲಿಲ್ಲ ಅಂತ ಅದರರ್ಥ. ಗಾಜಿನ ಲೋಟ ಒಡೆದಾಗ ಯಾರಾದರೂ ‘ನೈಸ್!’ ಅಂದರೆ ಅದು ನಮ್ಮ ‘ಭೇಷ್!’ ಇದ್ದ ಹಾಗೆ, ಕಣ್ಣು ನೋಡಿಯೇ ಅರ್ಥ ಮಾಡಿಕೊಳ್ಳಬೇಕು.

‘ನೈಸ್ ಅಂಡ್ ಹಾಟ್’ ಅನ್ನೋ ಪ್ರಯೋಗ ಮಾತ್ರ ನನಗೆ ಬಹಳ ಪ್ರೀತಿ. ಕಾಫಿ ನೈಸ್ ಅಂಡ್ ಹಾಟ್ ಇದೆ ಅಂದರೆ, ಕಾಫಿ ಒಳ್ಳೆಯದೂ ಹೌದು, ಬಿಸಿಯೂ ಹೌದು ಅಂತ ಎರಡು ಮಾತಲ್ಲ. ಎಷ್ಟು ಬಿಸಿ ಬೇಕೋ ಅಷ್ಟು ಬಿಸಿ ಇದೆ ಅಂತ ಒಂದೇ ಮಾತು. ಕನ್ನಡದಲ್ಲಿ ಅದಕ್ಕೆ ಸರಿಸಮ ಪದ ಇದೆ. ‘ಹದವಾಗಿ ಬಿಸಿ ಇದೆ.’ ನೈಸ್ ಪದವನ್ನು ‘ಹದ’ ಅಂತ ಅನುವಾದ ಮಾಡೋ ಜಾಗ ಇದೊಂದೇ ಇರಬೇಕು, ಆದರೆ ಎಷ್ಟು ಚೆನ್ನಾಗಿ ಕೂತಿದೆ, ಅಲ್ವಾ?

ಈಗ ನಿಮ್ಮ ‘ನಿಜವಾದ ಅರ್ಥ’ಕ್ಕೆ ಬರೋಣ. ನೈಸ್ ಮೇಲೆ ಹೋಯಿತು. ಅದೇ ಊರಲ್ಲಿ ‘ಸಿಲ್ಲಿ’ ಕೆಳಗೆ ಬಿತ್ತು. ಹಳೆಯ ಇಂಗ್ಲಿಷಿನಲ್ಲಿ ಸಿಲ್ಲಿಯ ಮೂಲರೂಪಕ್ಕೆ ಅರ್ಥ ಸುಖಿ, ದೇವರ ಕೃಪೆ ಇರುವವನು. ಜರ್ಮನ್ ಭಾಷೆಯಲ್ಲಿ ಅದರ ಸೋದರ ಪದ ‘ಜೇಲಿಶ್’ ಇವತ್ತಿಗೂ ಧನ್ಯ ಅನ್ನೋ ಅರ್ಥದಲ್ಲೇ ಇದೆ. ಇಂಗ್ಲಿಷಿನಲ್ಲಿ ಧನ್ಯ ಹೋಗಿ ಮುಗ್ಧ ಆಯಿತು, ಮುಗ್ಧ ಹೋಗಿ ಬಡಪಾಯಿ, ಕೊನೆಗೆ ಪೆದ್ದ. ಇಬ್ಬರೂ ಏಣಿಯಲ್ಲಿ ಎದುರುಬದುರು ದಾಟಿಹೋಗಿದ್ದಾರೆ.

ನಮ್ಮ ಕಡೆ ಇದಕ್ಕೆ ಜೋಡಿ ಹುಡುಕಿದರೆ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಬೇಕು. ಅಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ‘ದೇವಾನಾಂಪ್ರಿಯ’ ಅನ್ನೋ ಬಿರುದಿನ ಜೊತೆಗೆ ಅಶೋಕ ಅನ್ನೋ ಹೆಸರೂ ಇತ್ತು. ಶಾಸನಗಳ ದೇವಾನಾಂಪ್ರಿಯ ಅಶೋಕನೇ ಅನ್ನೋದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. ದೇವರುಗಳಿಗೆ ಪ್ರಿಯನಾದವನು, ಚಕ್ರವರ್ತಿಯ ಬಿರುದು. ಅದೇ ಪದಕ್ಕೆ ನಂತರದ ಸಂಸ್ಕೃತ ವ್ಯಾಕರಣ ಪುಸ್ತಕಗಳು ಕೊಡುವ ಅರ್ಥ ಮೂರ್ಖ! ಅಷ್ಟು ದೂರವೂ ಬೇಡ. ‘ಪಾಪ’ ನೋಡಿ. ಮೂಲದಲ್ಲಿ ಕೆಟ್ಟ ಕೆಲಸ. ‘ಅವನು ಪಾಪದವನು’ ಅಂದರೆ ಕೆಟ್ಟ ಕೆಲಸ ಮಾಡಿದವನು ಅಂತ ಯಾರಾದರೂ ತಿಳಿಯುತ್ತಾರಾ? ತೀರಾ ಸಾಧು ಮನುಷ್ಯ ಅಂತಲೇ ಅರ್ಥ. ಈಗ ಯಾರಾದರೂ ಬಂದು, ಪಾಪದವನು ಅಂದರೆ ನಿಜವಾಗಿ ಪಾಪಿ ಅಂತ ತಿದ್ದಿದರೆ ನೀವೇನು ಹೇಳುತ್ತೀರೋ, ನೈಸ್ ಅಂದರೆ ನಿಜವಾಗಿ ದಡ್ಡ ಅನ್ನುವವರಿಗೂ ಅದನ್ನೇ ಹೇಳಿ.

ಇನ್ನು ಉಳಿದಿದ್ದು ಅಮ್ಮನ ಹಿಟ್ಟು. ಹೌದು, ಅದು ಇದೇ ಇಂಗ್ಲಿಷ್ ನೈಸ್. ಆದರೆ ಕನ್ನಡದಲ್ಲಿ ಅದಕ್ಕೆ ಹುಟ್ಟಿಕೊಂಡಿರೋ ಅರ್ಥಗಳನ್ನು ಇಂಗ್ಲಿಷಿನವರು ಕೇಳಿದರೆ ಕಣ್ಣು ಬಿಡುತ್ತಾರೆ. ನಾವು ‘ಚೆನ್ನಾಗಿದೆ’ ಅನ್ನೋದಕ್ಕಿಂತ ಜಾಸ್ತಿ ಬೇರೆ ಕೆಲಸಕ್ಕೆ ಅದನ್ನು ಹಚ್ಚಿದ್ದೇವೆ. ಹಿಟ್ಟು ನೈಸಾಗಿ ರುಬ್ಬು, ಅಂದರೆ ನುಣ್ಣಗೆ. ಬಡಗಿ ಉಪ್ಪುಕಾಗದದಲ್ಲಿ ಉಜ್ಜಿ, ಈಗ ನೈಸ್ ಬಂತು ನೋಡಿ ಅನ್ನುತ್ತಾನೆ. ಗಾರೆಯವನು ಗೋಡೆ ಸವರಿ ಅದನ್ನೇ ಹೇಳುತ್ತಾನೆ. ಇದು ಮುಟ್ಟಿ ತಿಳಿಯೋ ನೈಸ್. ಇನ್ನೊಂದು ಮಾತಿನ ನೈಸ್. ‘ನೈಸ್ ಮಾಡಿ ದುಡ್ಡು ಕಿತ್ತುಕೊಂಡ’, ಅಂದರೆ ಬೆಣ್ಣೆ ಹಚ್ಚಿದ. ಮೂರನೆಯದು ಸದ್ದಿಲ್ಲದ ನೈಸ್. ಬಿಲ್ಲು ಕೊಡೋ ಹೊತ್ತಿಗೆ ‘ನೈಸಾಗಿ ಜಾರಿಕೊಂಡ’. ಅಂಥ ಗೆಳೆಯ ಎಲ್ಲರಿಗೂ ಒಬ್ಬನಿರುತ್ತಾನೆ.

ಈ ಮೂರು ಅರ್ಥ ಎಲ್ಲಿಂದ ಬಂತು? ಇಂಗ್ಲಿಷಿನ ಸೂಕ್ಷ್ಮ, ನಾಜೂಕು ಅನ್ನೋ ಅರ್ಥದ ನೆರಳು ಸ್ವಲ್ಪ ಇರಬಹುದು. ಆದರೆ ಅಚ್ಚು ನಮ್ಮದೇ ಅಂತ ನನಗನಿಸುತ್ತದೆ. ‘ನಯ’ ತೆಗೆದುಕೊಳ್ಳಿ. ನಯವಾದ ಬಟ್ಟೆ, ನಯವಾದ ಹಿಟ್ಟು, ಅದು ಮುಟ್ಟುವ ನಯ. ನಯವಾಗಿ ಮಾತಾಡಿದ, ಅದು ಮಾತಿನ ನಯ. ಸಿಹಿ ಮಾತಾಡುತ್ತಾ ಸದ್ದಿಲ್ಲದೆ ಕತ್ತು ಕೊಯ್ಯುವವನು ನಯವಂಚಕ. ನೈಸ್ ಮಾಡುವ ಮೂರೂ ಕೆಲಸ ನಯ ಮೊದಲೇ ಮಾಡುತ್ತಿತ್ತು. ಅದೇ ಥರ ಕೇಳಿಸುವ ಇಂಗ್ಲಿಷ್ ಪದ ಬಂದಾಗ, ಜನ ಅದನ್ನು ನಯದ ಅಚ್ಚಿಗೆ ಸುರಿದರು. ತಮಿಳಿನಲ್ಲೂ ‘ನಯಂ’ ಇದೆ, ಅಲ್ಲೂ ಮಸಾಲೆಯನ್ನು ‘ನೈಸಾ’ ಅರೆಯುತ್ತಾರೆ, ಅಲ್ಲೂ ನೈಸಾಗಿ ಜಾರಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಸ್ನೇಹಿತನಿಗೆ ಅರ್ಧ ಮಾರ್ಕು. ನಯಕ್ಕೂ ನೈಸಿಗೂ ರಕ್ತಸಂಬಂಧ ಇಲ್ಲ, ಆದರೆ ನಮ್ಮೂರಿಗೆ ಬಂದ ಮೇಲೆ ಅವೆರಡಕ್ಕೂ ಮದುವೆಯಾಗಿದೆ. ಅಜ್ಜಿಯಂದಿರು ಬಸ್ಸು, ಕಾರು ಅಂದ ಹಾಗೆ ‘ನೈಸು’ ಅಂತ ಬಾಲ ಸೇರಿಸಿ ಪೂರ್ತಿ ಸೊಸೆ ಮಾಡಿಕೊಂಡಿದ್ದಾರೆ.

ತೊಂದರೆ ಆಗೋದು ಈ ಕನ್ನಡದ ನೈಸನ್ನು ವಾಪಸ್ ಇಂಗ್ಲಿಷಿಗೆ ಕಳಿಸಿದಾಗ. ಮಗಳು ಅಡುಗೆ ವಿಧಾನ ಬರೆಯುವಾಗ ‘ಗ್ರೈಂಡ್ ಇಟ್ ನೈಸ್ಲಿ’ ಅಂದರೆ ಲಂಡನ್ನಿನವರಿಗೆ ‘ಚೆನ್ನಾಗಿ ರುಬ್ಬು’ ಅಂತ ಮಾತ್ರ ತಿಳಿಯುತ್ತದೆ, ನುಣ್ಣಗೆ ಅಂತ ತಿಳಿಯೋದಿಲ್ಲ. ಅಲ್ಲಿ ‘ಸ್ಮೂತ್’ ಅಥವಾ ‘ಫೈನ್’ ಬೇಕು. ‘ಹಿ ಡಿಡ್ ನೈಸ್ ಟು ಮಿ’ ಅಂತ ಬರೆದರೆ ನೈಸ್ ಮಾಡಿ ಟೋಪಿ ಹಾಕಿದ ಅನ್ನೋದು ಕನ್ನಡ, ತಮಿಳು ಬಲ್ಲವರಿಗೆ ಬಿಟ್ಟು ಇನ್ಯಾರಿಗೂ ಅರ್ಥವಾಗದು.

ಕೆಲವು ಸುಳ್ಳು ನೆಂಟರನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದಿ ಯಾರಾದರೂ ಕೇಳೇ ಕೇಳುತ್ತಾರೆ. ಬೆಂಗಳೂರಿನ ನೈಸ್ ರಸ್ತೆ ಈ ನೈಸ್ ಅಲ್ಲ, ಅದು ಕಂಪನಿ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು. ಫ್ರಾನ್ಸಿನ ಕಡಲ ತೀರದ ಊರಿಗೂ ಇದೇ ಸ್ಪೆಲಿಂಗ್, ಆದರೆ ಅದು ‘ನೀಸ್’, ಗ್ರೀಕರ ವಿಜಯದೇವತೆ ನೈಕಿಯ ಹೆಸರಿನ ಬಳಗ. ಸಕ್ಕರೆ ಉದುರಿಸಿದ ತೆಂಗಿನ ರುಚಿಯ ನೈಸ್ ಬಿಸ್ಕತ್ತನ್ನು ಊರಿನ ಹೆಸರಿನಂತೆ ನೀಸ್ ಅನ್ನಬೇಕೋ ನೈಸ್ ಅನ್ನಬೇಕೋ ಅಂತ ಬ್ರಿಟನ್ನಿನಲ್ಲಿ ಇನ್ನೂ ಜಗಳ ಇದೆ. ಆದರೆ ಸಾಫ್ಟ್‌ವೇರಿನವರ ಯುನಿಕ್ಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆಯಲ್ಲಿ ‘ನೈಸ್’ ಅನ್ನೋ ಆಜ್ಞೆ ಇದೆಯಲ್ಲ, ಅದು ಮಾತ್ರ ಇದೇ ಪದ. ಅಲ್ಲಿ ಒಂದು ಕೆಲಸಕ್ಕೆ ಮೈನಸ್ 20ರಿಂದ 19ರವರೆಗೆ ನೈಸ್ ಅಂಕ ಕೊಡಬಹುದು. ಅಂಕ ಜಾಸ್ತಿ ಆದಷ್ಟೂ ಆ ಕೆಲಸ ‘ನೀವು ಮೊದಲು ಹೋಗಿ’ ಅಂತ ಉಳಿದವರಿಗೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತದೆ. ತೀರಾ ನೈಸ್ ಆದರೆ ಸರದಿಯೇ ಬರೋದು ಕಷ್ಟ. ಚಾಸರ್ ನೋಡಿದ್ದರೆ, ನಾನು ಹೇಳಿದ ಅರ್ಥವೇ ಸರಿ ಅನ್ನುತ್ತಿದ್ದನೋ ಏನೋ.

ಅಮ್ಮನಿಗೆ ಇದನ್ನೆಲ್ಲ ಸುಮ್ನೆ ಹೇಳಲು ಹೋಗಬೇಡಿ, ಅವರ ಪ್ರಯೋಗದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಒಂದೇ ಒಂದು ವಿಷಯ ಕೇಳಿಕೊಳ್ಳಿ, ಹಿಟ್ಟು ದೋಸೆಗೋ ಇಡ್ಲಿಗೋ ಅಂತ. ದೋಸೆಗಾದರೆ ನೈಸಾಗಿಯೇ ರುಬ್ಬಿ. ಇಡ್ಲಿಗಾದರೆ ಉದ್ದು ನೈಸಾಗಲಿ, ಅಕ್ಕಿ ಸ್ವಲ್ಪ ತರಿತರಿಯಾಗಿಯೇ ಇರಲಿ.